ಮಿಸ್ ವರ್ಡೆಲ್ ಹದಿಮೂರಕ್ಕೆ ಹೋದದ್ದು

ಅಮೆರಿಕದ ಮೆಂಫಿಸ್ ಊರಿನಲ್ಲಿ ಬಸ್ಸಿಗೆ ಕಾಯುವವರು ವಕೀಲರ ಮುಖಕ್ಕೆ ಒರಗಿಕೊಂಡೇ ಕೂರಬೇಕು. ಬೆಂಚಿನ ಬೆನ್ನ ಮೇಲೆ ಹಲ್ಲು ಬಿಟ್ಟುಕೊಂಡ ದೊಡ್ಡ ಮುಖ, ಪಕ್ಕದಲ್ಲಿ ಫೋನ್ ನಂಬರು, ಕೆಳಗೆ ‘ಸಾಲದ ಕಾಟವೇ? ಇವತ್ತೇ ಬನ್ನಿ’ ಎಂಬ ಕರೆ. ಸೌತ್ ಮೆಂಫಿಸ್‌ನ ತನ್ನ ಮನೆಯ ಮುಂದಿನ ಕೋಣೆಯನ್ನೇ ಪಾರ್ಲರು ಮಾಡಿಕೊಂಡು ಮೂವತ್ತು ವರ್ಷದಿಂದ ಹೆಂಗಸರ ತಲೆಗೂದಲು ತಿದ್ದುತ್ತ ಬಂದಿದ್ದ ವರ್ಡೆಲ್ ಟಾಲಿವರ್ ಆ ಮುಖಗಳನ್ನು ಕಂಡಾಗಲೆಲ್ಲ ಮೂಗು ಮುರಿಯುತ್ತಿದ್ದಳು. ಪಾಪರ್ ಎದ್ದು ಹೋದವರ ಬಗ್ಗೆ ಅವಳ ಅಭಿಪ್ರಾಯ ಒಂದೇ: ತೀರಿಸಲಾಗದವರು ತೆಗೆದುಕೊಳ್ಳಬಾರದಿತ್ತು. ಈ ಮಾತನ್ನು ಅವಳು ಗುಂಗುರು ಕೂದಲು ನೇರ ಮಾಡುವ ಕಾದ ಕಬ್ಬಿಣದ ಬಾಚಣಿಗೆ ಕೈಯಲ್ಲಿ ಹಿಡಿದುಕೊಂಡೇ ಹೇಳುತ್ತಿದ್ದುದರಿಂದ ಕುರ್ಚಿಯಲ್ಲಿ ಕೂತವರು ಯಾರೂ ಎದುರಾಡುತ್ತಿರಲಿಲ್ಲ.

ಅಂಥವಳ ಬಾಗಿಲಿಗೇ ಬ್ಯಾಂಕಿನ ನೋಟಿಸು ಬಂತು. ಮನೆ ಸಾಲದ ಕಂತು ಬಾಕಿ ಬಿದ್ದಿದೆ, ತಿಂಗಳ ಕೊನೆಗೆ ಮನೆಯನ್ನು ಹರಾಜು ಹಾಕುತ್ತೇವೆ ಎಂಬ ನೋಟಿಸು. ತಪ್ಪು ತನ್ನದೇ ಎಂದು ವರ್ಡೆಲ್‌ಗೆ ಗೊತ್ತಿತ್ತು. ಮನೆಯ ಪಾರ್ಲರು ಚೆನ್ನಾಗಿ ನಡೆಯುತ್ತಿದ್ದಾಗ, ನಾನೇನು ಕಮ್ಮಿ ಎಂದು ಮಾಲ್‌ನಲ್ಲಿ ಎರಡನೆಯದನ್ನು ತೆರೆದಿದ್ದಳು. ಅವಳು ಹೋದ ಗಳಿಗೆಯೋ ಏನೋ, ಮಾಲ್‌ನ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತ ಬಂದು ಕೊನೆಗೆ ಅವಳ ಪಾರ್ಲರೂ ಒಂದು ಶೂ ಅಂಗಡಿಯೂ ಉಳಿದವು. ಬಾಡಿಗೆ ಕಟ್ಟಲು ಕ್ರೆಡಿಟ್ ಕಾರ್ಡು, ಆ ಕಾರ್ಡಿನ ಬಾಕಿಗೆ ಇನ್ನೊಂದು ಕಾರ್ಡು, ಕೊನೆಗೆ ಅಲ್ಲಿನ ಪಾರ್ಲರಿಗೂ ಬೀಗ. ಅಷ್ಟರಲ್ಲಿ ಬಲಗೈ ಮಣಿಕಟ್ಟು ಕೈಕೊಟ್ಟು ಆಪರೇಷನ್ ಆಯಿತು. ಆಸ್ಪತ್ರೆಯ ಬಿಲ್ಲು ನೋಡಿದ ಮೇಲೆ ಮಣಿಕಟ್ಟಿನ ನೋವು ಏನೂ ಅಲ್ಲ ಅನ್ನಿಸಿತು.

ಈ ಮನೆ ಅವಳೂ ಅವಳ ಗಂಡ ಲೂಷಿಯಸ್ಸೂ ದುಡಿದು ಕೊಂಡದ್ದು. ಲೂಷಿಯಸ್ ತೀರಿಹೋದ ಮೇಲೂ ಬಾಗಿಲ ಮೇಲಿನ ಬೋರ್ಡು ಅವನು ಬರೆದದ್ದೇ. ಮನೆ ಹೋದರೆ ಪಾರ್ಲರು ಹೋಯಿತು, ಪಾರ್ಲರು ಹೋದರೆ ವರ್ಡೆಲ್ ಯಾರು? ಚರ್ಚಿನಲ್ಲಿ ಬಿಳಿ ಕೈಗವಸು ತೊಟ್ಟು ಜನರನ್ನು ಕೂರಿಸುವ ತಂಡಕ್ಕೆ ಅವಳೇ ಮುಖ್ಯಸ್ಥೆ, ಮದುವೆಯಾದವಳಾದರೂ ಗೌರವಕ್ಕೆ ಎಲ್ಲರ ಬಾಯಲ್ಲೂ ‘ಮಿಸ್ ವರ್ಡೆಲ್’. ನಾಳೆ ಅದೇ ಜನ ಅವಳನ್ನು ಕಂಡು ಅಯ್ಯೋ ಪಾಪ ಎಂದರೆ ಅದಕ್ಕಿಂತ ಸಾಯುವುದು ಮೇಲು ಎಂದುಕೊಂಡಳು.

ನೋಟಿಸು ಬಂದ ವಾರದಲ್ಲಿ ಅವಳು ಮಾಡಿದ ಮೊದಲ ಕೆಲಸ ವಕೀಲರನ್ನು ಹುಡುಕಿದ್ದಲ್ಲ. ಲೂಷಿಯಸ್ಸನ ಬ್ಯೂಕ್ ಕಾರನ್ನು ಮಾರಿದಳು. ಬಂದ ದುಡ್ಡನ್ನು ಹಾಗೇ ಕವರಿಗೆ ಹಾಕಿ ಅಕ್ಕ ಒಜೆಲಾಳ ಕೈಗಿಟ್ಟಳು. ಮಾಲ್‌ನ ಪಾರ್ಲರಿಗೆಂದು ಒಜೆಲಾ ತನ್ನ ಉಳಿತಾಯವನ್ನೆಲ್ಲ ತೆಗೆದು ಒಂದು ಮಾತೂ ಆಡದೆ ಕೊಟ್ಟಿದ್ದಳು. ಮುಳುಗುವ ದೋಣಿಯಿಂದ ಮನೆಯವರನ್ನು ಮೊದಲು ಇಳಿಸಬೇಕು ಎಂಬುದು ಆ ಮನೆತನದ ನಡತೆ. ಬ್ಯಾಂಕಿನವನು ಕಾಯಲಿ, ಕಾರ್ಡಿನವನು ಕಿರುಚಲಿ, ಒಡಹುಟ್ಟಿದವಳ ಋಣ ಮೈಮೇಲೆ ಇರಬಾರದು. ಅವತ್ತು ಅಕ್ಕನ ಮನೆಯಿಂದ ಬಸ್ಸಿನಲ್ಲಿ ವಾಪಸ್ಸು ಬರುವಾಗ ವರ್ಡೆಲ್‌ಗೆ ಎಷ್ಟೋ ತಿಂಗಳಿಂದ ಬಗ್ಗಿದ್ದ ಬೆನ್ನು ನೆಟ್ಟಗಾದಂತಿತ್ತು. ಮಾಡಿದ್ದು ಎಂಥ ಎಡವಟ್ಟು ಎಂದು ಗೊತ್ತಾದದ್ದು ಆಮೇಲೆ.

ಬಸ್ ಬೆಂಚಿನ ಮುಖಗಳಲ್ಲಿ ಅತಿ ದೊಡ್ಡ ಮುಖ ಯಾವುದೋ ಅದರ ಆಫೀಸಿಗೇ ಅವಳು ಮೊದಲು ಹೋದಳು. ಹೋಗುವುದೇ ಆದರೆ ಸಣ್ಣಪುಟ್ಟವರ ಹತ್ತಿರ ಯಾಕೆ ಹೋಗಬೇಕು ಎಂಬ ಠೇಂಕಾರ. ಆ ಮುಖದ ಒಡೆಯ ಮಾತ್ರ ಕಾಣಲೇ ಇಲ್ಲ. ಗಾಜಿನ ಗೂಡಿನಲ್ಲಿ ಕೂತ ಗುಮಾಸ್ತನೊಬ್ಬ ಫೋನಿನಲ್ಲಿ ಯಾರಿಗೋ ಊಟಕ್ಕೆ ಹೇಳುತ್ತಲೇ ಕಾಗದಗಳನ್ನು ಅವಳ ಮುಂದೆ ತಳ್ಳಿ, ಹಳದಿ ಚೀಟಿ ಅಂಟಿಸಿದ ಕಡೆಯಲ್ಲೆಲ್ಲ ಸಹಿ ಮಾಡಲು ಹೇಳಿದ. ವರ್ಡೆಲ್ ಶಾಂಪೂ ಬಾಟಲಿಯ ಬೆನ್ನನ್ನೂ ಓದದೆ ಬಳಸುವವಳಲ್ಲ. ಕನ್ನಡಕ ಏರಿಸಿ ಓದುತ್ತ ಹೋದಳು. ವರ್ಷದೊಳಗೆ ನೆಂಟರಿಗೆ ಯಾರಿಗಾದರೂ ಸಾಲ ತೀರಿಸಿದ್ದೀರಾ ಎಂಬ ಪ್ರಶ್ನೆಗೆ ‘ಇಲ್ಲ’ ಎಂದು ಮೊದಲೇ ಗುರುತು ಹಾಕಿತ್ತು. ಇದು ಸುಳ್ಳಲ್ಲವೇ ಎಂದು ಕೇಳಿದಳು. ಎಲ್ಲರಿಗೂ ಹಾಗೇ ಹಾಕುತ್ತೇವೆ, ತಲೆ ಕೆಡಿಸಿಕೊಳ್ಳಬೇಡಿ ಎಂದ ಅವನು.

“ನನ್ನ ಬಾಯಲ್ಲಿ ಸುಳ್ಳು ಹೇಳಿಸೋಕೆ ನಿಮಗೆ ದುಡ್ಡು ಬೇರೆ ಕೊಡ್ಬೇಕಾ?” ಎಂದಷ್ಟೇ ಕೇಳಿ, ಕೈಚೀಲ ತೋಳಿಗೆ ಹಾಕಿಕೊಂಡು ಎದ್ದು ಬಂದಳು. ಹೊರಗೆ ಬಂದ ಮೇಲೆ ಅದೇ ಮುಖದ ಬೆಂಚಿನ ಮೇಲೆ ಕೂತು ಬಸ್ಸಿಗೆ ಕಾಯಬೇಕಾಯಿತು ಎಂಬುದು ಬೇರೆ ಮಾತು.

ಶನಿವಾರ ಪಾರ್ಲರು ತುಂಬಿತ್ತು. ಒಬ್ಬಳು ಕುರ್ಚಿಯಲ್ಲಿ, ಮೂವರು ಕೂದಲು ಒಣಗಿಸುವ ಡ್ರೈಯರಿನ ಟೋಪಿಯ ಕೆಳಗೆ, ಉಳಿದವರು ಗೋಡೆಯ ಪಕ್ಕ. ವರ್ಡೆಲ್ ಗಂಟಲು ಸರಿಮಾಡಿಕೊಂಡು, ಟುಪೆಲೋ ಊರಿನಲ್ಲಿರುವ ತನ್ನ ದೂರದ ಸಂಬಂಧಿಯೊಬ್ಬಳಿಗೆ ಕಷ್ಟವಂತೆ, ಪಾಪ ಇಲ್ಲಿ ಒಳ್ಳೆಯ ದಿವಾಳಿ ವಕೀಲರು ಯಾರಾದರೂ ಇದ್ದಾರಾ ಎಂದು ಕೇಳುತ್ತಿದ್ದಾಳೆ ಎಂದಳು. ಒಂದು ಡ್ರೈಯರಿನ ಟೋಪಿ ಮೇಲೆದ್ದಿತು, ಹಿಂದೆಯೇ ಇನ್ನೊಂದು. ಆಮೇಲೆ ಕೈಚೀಲಗಳ ಜಿಪ್ಪು ಎಳೆಯುವ ಸದ್ದು. ಚರ್ಚಿನ ಹಿರಿಯರೊಬ್ಬರ ಹೆಂಡತಿ, ಭಾನುವಾರ ಮೊದಲ ಸಾಲಿನಲ್ಲಿ ಕೂರುವ ಗಟ್ಟಿಗಿತ್ತಿ ಮಿಸೆಸ್ ಇಂಗ್ರಮ್, ಪರ್ಸಿನ ಒಳ ಅರೆಯಿಂದ ಒಂದು ವಿಸಿಟಿಂಗ್ ಕಾರ್ಡು ತೆಗೆದು ಕನ್ನಡಿಯ ಮುಂದಿಟ್ಟಳು. ಅದರ ಪಕ್ಕದಲ್ಲಿ ಇನ್ನೊಬ್ಬಳು ಇಟ್ಟಳು, ಮತ್ತೊಬ್ಬಳು ಇಟ್ಟಳು. ಎಲ್ಲ ಕಾರ್ಡುಗಳ ಮೇಲೂ ಒಂದೇ ಹೆಸರು: ರೆನಿಟಾ ಗೋಲ್ಸ್‌ಟನ್.

ವರ್ಡೆಲ್ ಬಾಚಣಿಗೆ ಕೆಳಗಿಟ್ಟಳು. ಇಷ್ಟು ವರ್ಷ ಈ ತಲೆಗಳನ್ನೆಲ್ಲ ಕೈಯಲ್ಲಿ ಹಿಡಿದುಕೊಂಡೇ ತಾನು ಪಾಪರ್ ಎದ್ದವರನ್ನು ಬೈದದ್ದು ನೆನಪಾಗಿ ಮುಖ ಬಿಸಿಯಾಯಿತು. ಅವರು ಯಾರೂ ಒಂದು ದಿನವೂ ಮುಖ ಗಂಟು ಹಾಕಿಕೊಂಡಿರಲಿಲ್ಲ, ಬೇರೆ ಪಾರ್ಲರಿಗೂ ಹೋಗಿರಲಿಲ್ಲ.

“ನಮ್ಮ ಮನೆ ಉಳಿದಿದ್ದೇ ಆ ಹುಡುಗಿಯಿಂದ,” ಎಂದಳು ಮಿಸೆಸ್ ಇಂಗ್ರಮ್. “ಟುಪೆಲೋದಲ್ಲಿರೋ ನಿಮ್ಮವಳಿಗೆ ಹೇಳಿ ಮಿಸ್ ವರ್ಡೆಲ್, ಬೇಗ ಹೋಗ್ಲಿ. ತಡ ಮಾಡೋದೇ ಎಲ್ಲರೂ ಮಾಡೋ ತಪ್ಪು. ಮತ್ತೆ ಅವಳಿಗೆ ಇದನ್ನೂ ಹೇಳಿ, ನಾಚ್ಕೊಳ್ಳೋಕೆ ಏನೂ ಇಲ್ಲ ಅಂತ.”

ಟುಪೆಲೋದಲ್ಲಿ ಯಾರೂ ಇಲ್ಲ ಎಂಬುದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಯಾರೂ ನಗಲಿಲ್ಲ. ಆ ಹೆಂಗಸರ ದೊಡ್ಡತನ ನೋಡಿ.

ಆದರೆ ರೆನಿಟಾ ಹತ್ತಿರ ಹೋಗುವುದೆಂದರೆ ವರ್ಡೆಲ್‌ಗೆ ಕಬ್ಬಿಣದ ಕಡಲೆ. ಆ ಹುಡುಗಿ ಕುರ್ಚಿಗೆ ಎಟುಕದ ಕಾಲದಿಂದಲೂ ಪ್ರತಿ ಈಸ್ಟರಿಗೆ ಅವಳ ತಲೆ ಮಾಡಿದ್ದು ಇದೇ ಕೈ. ಕುರ್ಚಿಯ ಎರಡು ತೋಳಿನ ಮೇಲೆ ಹಲಗೆ ಇಟ್ಟು ಅದರ ಮೇಲೆ ಕೂರಿಸಿ, ಸುಡದ ಹಾಗೆ ಕಿವಿ ಮಡಚಿ ಹಿಡಿದುಕೋ ಎಂದು ಗದರಿ, ಕೂದಲು ನೇರ ಮಾಡುತ್ತಿದ್ದಳು. ಕಾನೂನು ಓದಿ ಮುಗಿಸಿದ ದಿನ ಪದವಿ ಸಮಾರಂಭದ ಟೋಪಿ ಕೂರುವ ಹಾಗೆ ಜಡೆ ಕಟ್ಟಿದವಳೂ ಇವಳೇ. ಅಂಥವಳ ಮುಂದೆ ಹೋಗಿ ನನ್ನ ಕೈಯಲ್ಲಿ ಕಾಸಿಲ್ಲ ಎನ್ನುವುದು ಹೇಗೆ? ಎರಡು ದಿನ ಒದ್ದಾಡಿ ಮೂರನೆಯ ದಿನ, ಭಾನುವಾರ ಚರ್ಚಿಗೆ ಇಡುವ ಟೋಪಿ ಇಟ್ಟುಕೊಂಡು ಹೊರಟಳು.

ಚಪ್ಪಲಿ ರಿಪೇರಿ ಅಂಗಡಿಯ ಮೇಲೆ ರೆನಿಟಾಳ ಆಫೀಸು. ಗಾಜಿನ ಗೂಡಿಲ್ಲ, ಗುಮಾಸ್ತರ ಗುಂಪಿಲ್ಲ. ರೆನಿಟಾ ತಾನೇ ಎದ್ದು ಬಂದು ಕುರ್ಚಿ ಎಳೆದು ಕೂರಿಸಿದಳು. ಅಯ್ಯೋ ಎನ್ನಲಿಲ್ಲ, ನೀವಾ ಎನ್ನಲಿಲ್ಲ. ಹರಾಜಿನ ದಿನ ಯಾವಾಗ ಎಂಬುದೇ ಅವಳ ಮೊದಲ ಪ್ರಶ್ನೆ. ಕೇಳಿದ ಮೇಲೆ ಸಮಯ ಇದೆ ಎಂದಳು. ಆ ಎರಡು ಮಾತು ಕೇಳಿ ವರ್ಡೆಲ್‌ಗೆ ಎಷ್ಟು ನೆಮ್ಮದಿಯಾಯಿತೆಂದರೆ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡಳು.

ರೆನಿಟಾ ಮಗುವಿಗೆ ಹೇಳುವಂತೆ ಹೇಳಲಿಲ್ಲ, ಕೋರ್ಟಿಗೆ ಹೇಳುವಂತೆಯೂ ಹೇಳಲಿಲ್ಲ. ದಿವಾಳಿ ಕಾನೂನಿನಲ್ಲಿ ಇವರಂಥವರಿಗೆ ಇರುವುದು ಎರಡು ದಾರಿ, ಏಳನೆಯ ಅಧ್ಯಾಯ ಮತ್ತು ಹದಿಮೂರನೆಯ ಅಧ್ಯಾಯ.

“ಏಳು ಅಂದ್ರೆ ಒಂದೇ ಸಲ ತೊಳ್ಕೊಳ್ಳೋದು. ಕಾರ್ಡಿನ ಸಾಲ, ಆಸ್ಪತ್ರೆ ಸಾಲ ಎಲ್ಲಾ ಹೋಗುತ್ತೆ. ಆದ್ರೆ ಮನೆಯ ಬಾಕಿ ತುಂಬಿಕೊಳ್ಳೋಕೆ ಅದರಲ್ಲಿ ದಾರಿ ಇಲ್ಲ, ಬ್ಯಾಂಕಿನವರು ಸ್ವಲ್ಪ ದಿನ ಬಿಟ್ಟು ಮತ್ತೆ ಬರ್ತಾರೆ. ಹದಿಮೂರು ಅಂದ್ರೆ ಓಡಿಹೋಗೋದಲ್ಲ ಮಿಸ್ ವರ್ಡೆಲ್, ನಿಂತು ಕಟ್ಟೋದು. ತಿಂಗಳು ತಿಂಗಳು ನಿಮ್ಮ ಕೈಲಾದಷ್ಟು ಟ್ರಸ್ಟಿಗೆ ಕೊಡ್ತೀರಿ, ಅವರು ಎಲ್ಲರಿಗೂ ಹಂಚ್ತಾರೆ. ಐದು ವರ್ಷ ತಪ್ಪದೆ ಕಟ್ಟಿದ್ರೆ ಮನೆಯ ಬಾಕಿ ತೀರುತ್ತೆ, ಮಿಕ್ಕ ಸಾಲದಲ್ಲಿ ಉಳಿದಿದ್ದನ್ನ ಕೋರ್ಟು ಮನ್ನಾ ಮಾಡುತ್ತೆ. ಅರ್ಜಿ ಹಾಕಿದ ಗಳಿಗೆಯಿಂದ ಹರಾಜೂ ಇಲ್ಲ, ಫೋನೂ ಇಲ್ಲ.”

ಟ್ರಸ್ಟಿ ಎಂದರೆ ಯಾರು ಎಂದು ವರ್ಡೆಲ್ ಕೇಳಿದಳು. ಅವರು ಇವಳ ಕಡೆಯವರೂ ಅಲ್ಲ, ಸಾಲ ಕೊಟ್ಟವರ ಕಡೆಯವರೂ ಅಲ್ಲ, ಹಂಚಿಕೆ ಸರಿಯಾಗಿದೆಯೇ ಎಂದು ನೋಡಲು ನೇಮಕವಾದವರು ಎಂದು ರೆನಿಟಾ ವಿವರಿಸಿದಳು. ಖರ್ಚಿನ ಲೆಕ್ಕ ಬರೆಯುವಾಗ ಚರ್ಚಿಗೆ ಎಷ್ಟು ಕೊಡುತ್ತೀರಿ ಎಂದೂ ಕೇಳಿದಳು. ಅದನ್ನು ಕೊಡಲು ಬಿಡುತ್ತಾರೆಯೇ ಎಂದು ವರ್ಡೆಲ್ ಬೆರಗಾದಳು. ಮಿತಿಯೊಳಗಿದ್ದರೆ ಬಿಡುತ್ತಾರೆ ಎಂದಾಗ ಈ ಕಾನೂನು ಮಾಡಿದವರ ಮನೆಯಲ್ಲೂ ಯಾರೋ ದೇವರಿಗೆ ಹೆದರುವವರು ಇದ್ದಿರಬೇಕು ಎಂದುಕೊಂಡಳು.

ಆಮೇಲೆ ಆ ಪ್ರಶ್ನೆ ಬಂತು. ವರ್ಷದೊಳಗೆ ನೆಂಟರಿಗೆ ಯಾರಿಗಾದರೂ ಸಾಲ ತೀರಿಸಿದ್ದೀರಾ? ವರ್ಡೆಲ್ ಎದೆ ಮುಂದೆ ಮಾಡಿ ಕೂತಳು. ಇಷ್ಟು ಹೊತ್ತು ಹೇಳಿದ್ದೆಲ್ಲ ತಲೆ ತಗ್ಗಿಸುವ ವಿಷಯ, ಹೇಳಿಕೊಳ್ಳುವಂಥದ್ದು ಇದೊಂದೇ. ಬ್ಯೂಕ್ ಮಾರಿ ಅಕ್ಕನ ಸಾಲ ಪೂರ್ತಿ ತೀರಿಸಿದ್ದನ್ನು ಹೇಳಿದಳು. ರೆನಿಟಾ ಪೆನ್ನು ಕೆಳಗಿಟ್ಟಳು.

“ಕಾನೂನಿಗೆ ಸಾಲ ಕೊಟ್ಟವರೆಲ್ಲ ಒಂದೇ ಕ್ಯೂ,” ಎಂದಳು ಮೆಲ್ಲಗೆ. “ನೀವು ನಿಮ್ಮಕ್ಕನ್ನ ತಂದು ಎಲ್ಲರಿಗಿಂತ ಮುಂದೆ ನಿಲ್ಲಿಸಿಬಿಟ್ರಿ. ಆ ದುಡ್ಡು ವಾಪಸ್ ಕೊಡಿ ಅಂತ ಮಿಸ್ ಒಜೆಲಾನ ಕೇಳೋ ಅಧಿಕಾರ ಕೋರ್ಟಿಗಿದೆ.”

ವರ್ಡೆಲ್‌ಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಸಿಟ್ಟು ಬಂತು. ಕಳ್ಳತನ ಮಾಡಿ ಕೊಟ್ಟದ್ದಲ್ಲ, ಗಂಡನ ಕಾರು ಮಾರಿ ಕೊಟ್ಟದ್ದು. ಮರ್ಯಾದೆಯಿಂದ ಸಾಲ ತೀರಿಸುವುದೂ ತಪ್ಪೇ? ಮಡಿಲಲ್ಲಿದ್ದ ಟೋಪಿಯ ಅಂಚನ್ನು ತಿರುವುತ್ತ ತಿರುವುತ್ತ, ಕೊನೆಗೆ ಕೇಳಬಾರದ್ದನ್ನು ಕೇಳಿದಳು.

“ನಾವು ಹೇಳ್ದೇ ಇದ್ರೆ?”

“ಆಗ ನಾನು ನಿಮ್ಮ ವಕೀಲಳಾಗಿರಲ್ಲ, ಮಿಸ್ ವರ್ಡೆಲ್.”

ಆ ಮಾತು ಚುರುಕ್ಕೆಂದಿತು. ಹಿಂದೆಯೇ ಎದೆ ತುಂಬಿ ಬಂತು. ನಮ್ಮ ಬೀದಿಯ ಕೂಸು, ನನ್ನ ಹಲಗೆಯ ಮೇಲೆ ಕೂತು ಅತ್ತ ಕೂಸು, ನನಗೇ ಬುದ್ಧಿ ಹೇಳುವಷ್ಟು ನೆಟ್ಟಗೆ ಬೆಳೆದಿದೆ ಎಂದು ಹೆಮ್ಮೆಯಾಯಿತು. ಬೆಂಚಿನ ಮೇಲಿನ ದೊಡ್ಡ ಮುಖದವರು ಕೇಳದೆಯೇ ಹಾಕಿಕೊಟ್ಟ ಸುಳ್ಳನ್ನು ಈ ಹುಡುಗಿ ಕೇಳಿದರೂ ಕೊಡಲಿಲ್ಲ. ಕ್ಷಮಿಸು ಮಗಳೇ ಎಂದಳು ವರ್ಡೆಲ್. ಹಾಗೆ ಅವಳು ಹೇಳಿದ್ದನ್ನು ಈ ಊರಿನಲ್ಲಿ ಕೇಳಿದವರು ಕಡಿಮೆ.

ಇನ್ನೊಂದು ದಾರಿ ಇದೆ ಎಂದು ರೆನಿಟಾ ಮುಂದುವರಿಸಿದಳು. ಅಕ್ಕನಿಗೆ ಹೋದಷ್ಟು ಹಣವನ್ನು ಮಿಕ್ಕವರಿಗೂ ಕಂತಿನಲ್ಲೇ ಸೇರಿಸಿ ಕಟ್ಟುತ್ತೇನೆ ಎಂದು ಒಪ್ಪಿಕೊಂಡರೆ ಅಕ್ಕನನ್ನು ಮುಟ್ಟುವ ಪ್ರಮೇಯ ಬರದ ಹಾಗೆ ಯೋಜನೆ ಬರೆಯಬಹುದು. ಆದರೆ ಕಂತು ಏರುತ್ತದೆ. ಅಕ್ಕ ವಾಪಸ್ಸು ಕೊಟ್ಟರೆ ವರ್ಡೆಲ್ ಉಸಿರಾಡಬಹುದು, ಕೊಡದಿದ್ದರೆ ಐದು ವರ್ಷ ಒಂದು ಜೊತೆ ಶೂ ಕೊಳ್ಳುವುದಕ್ಕೂ ಯೋಚಿಸಬೇಕು. ಒಂದೆರಡು ಕಂತು ತಪ್ಪಿದರೆ ಮನೆ ಮತ್ತೆ ಹರಾಜಿನ ಬಾಯಿಗೆ.

“ತುಂಬಾ ಬಿಗಿ ಆಗುತ್ತೆ. ಅಕ್ಕನ್ನ ಒಂದು ಮಾತು ಕೇಳಿ ನೋಡಿ.”

“ಅವಳ ಬಾಗ್ಲಿಗೆ ಕೋರ್ಟಿನ ಕಾಗದ ಹೋಗಬಾರ್ದು,” ಎಂದಳು ವರ್ಡೆಲ್. “ಬಿಗಿಯಾಗಿ ಹೆಣೆಯೋದು ನಂಗೇನು ಹೊಸದಾ? ಬರಿ ನೀನು.”

ಅರ್ಜಿ ಹೋಯಿತು, ಹರಾಜು ನಿಂತಿತು. ಹದಿಮೂರಕ್ಕೆ ಹೋದೆ ಎಂದು ವರ್ಡೆಲ್ ಆ ಶನಿವಾರ ಪಾರ್ಲರಿನಲ್ಲಿ ತಾನಾಗಿಯೇ ಹೇಳಿದಳು, ಟುಪೆಲೋ ನೆಂಟಸ್ತಿಕೆಯನ್ನು ಅಲ್ಲಿಗೇ ಮುಗಿಸಿದಳು. ಒಜೆಲಾಗೂ ಹೇಳಿದಳು, ಆದರೆ ಕವರಿನ ಸಂಗತಿಯನ್ನು ಮಾತ್ರ ಬಿಟ್ಟು.

ಇನ್ನುಳಿದದ್ದು ಸಾಲ ಕೊಟ್ಟವರ ಸಭೆ. ನ್ಯಾಯಾಧೀಶರಿಲ್ಲದ ಒಂದು ಕೋಣೆಯಲ್ಲಿ ಟ್ರಸ್ಟಿ ಕೂತು, ಪ್ರಮಾಣ ಮಾಡಿಸಿ, ನಾಲ್ಕು ಪ್ರಶ್ನೆ ಕೇಳುತ್ತಾರೆ. ಸಾಲ ಕೊಟ್ಟವರು ಬಂದು ಕೇಳಬಹುದು, ಸಾಮಾನ್ಯವಾಗಿ ಬರುವುದಿಲ್ಲ. ಬ್ಯೂಕ್ ಇಲ್ಲದ್ದರಿಂದ ವರ್ಡೆಲ್‌ಳನ್ನು ಒಜೆಲಾಳೇ ತನ್ನ ಕಾರಿನಲ್ಲಿ ಕರೆದೊಯ್ದಳು. ಕಾರಿನಲ್ಲೇ ಇರು ಎಂದರೆ ಒಜೆಲಾ ಕೇಳುವ ಪೈಕಿಯೇ? ತಂಗಿಯ ಹಿಂದೆಯೇ ಬಂದು ಕೊನೆಯ ಸಾಲಿನಲ್ಲಿ, ಕೈಚೀಲವನ್ನು ಮಡಿಲಲ್ಲಿ ನೆಟ್ಟಗೆ ನಿಲ್ಲಿಸಿಕೊಂಡು ಕೂತಳು.

ವರ್ಡೆಲ್ ಬಲಗೈ ಎತ್ತಿ ಪ್ರಮಾಣ ಮಾಡಿದಳು. ಟ್ರಸ್ಟಿ ದಣಿದ ದನಿಯ ಮನುಷ್ಯ, ಬೆಳಗಿನಿಂದ ಅವೇ ಪ್ರಶ್ನೆ ಕೇಳಿ ಕೇಳಿ ಸಾಕಾದವನು. ಹೆಸರು, ವಿಳಾಸ, ಮನೆ ಎಲ್ಲ ಆದ ಮೇಲೆ ನೆಂಟರ ಪ್ರಶ್ನೆಗೆ ಬಂದ. ಹಿಂದೆ ಅಕ್ಕ ಕೂತಿದ್ದಾಳೆ. ಮಣಮಣ ಎಂದು ಹೇಳಿ ಮುಗಿಸಬಹುದಿತ್ತು. ವರ್ಡೆಲ್ ಚರ್ಚಿನಲ್ಲಿ ಹಿಂದಿನ ಬಾಗಿಲಿಗೂ ಕೇಳಿಸುವ ತನ್ನ ದನಿಯಲ್ಲಿ ಹೇಳಿದಳು.

“ತೀರಿಸಿದ್ದೀನಿ ಸರ್. ನಮ್ಮಕ್ಕನಿಗೆ. ತಪ್ಪು ಅಂತ ಆಗ ಗೊತ್ತಿರ್ಲಿಲ್ಲ. ಅವಳಿಗೆ ಕೊಟ್ಟಷ್ಟನ್ನ ಮಿಕ್ಕವರಿಗೂ ನಾನೇ ಕಟ್ತೀನಿ. ಅವಳನ್ನ ಯಾರೂ ಕೇಳೋದು ಬೇಡ.”

ಟ್ರಸ್ಟಿ ತಲೆ ಎತ್ತಿ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದ. ಯೋಜನೆಯ ಹಾಳೆ ತಿರುವಿ, ಅದು ಹಾಗೇ ಬರೆದಿದೆ ಎಂದು ಖಚಿತ ಮಾಡಿಕೊಂಡು, ಇಷ್ಟು ಸ್ಪಷ್ಟವಾಗಿ ಹೇಳುವವರು ಅಪರೂಪ ಎಂದ. ಅವನ ಬಾಯಲ್ಲಿ ಅದು ಹೊಗಳಿಕೆಯೇ ಇರಬೇಕು. ಪಕ್ಕದಲ್ಲಿ ಕೂತಿದ್ದ ರೆನಿಟಾ ಕಾಗದ ಜೋಡಿಸುವ ನೆಪದಲ್ಲಿ ಮುಖ ತಿರುಗಿಸಿಕೊಂಡಳು.

ವಾಪಸ್ಸು ಬರುವಾಗ ಕೆಂಪು ದೀಪಕ್ಕೆ ನಿಂತಾಗ ಒಜೆಲಾ, ನನ್ನನ್ನು ಕೇಳಿದೆಯಾ ಎಂದಳು. ದುಡ್ಡು ಕೊಟ್ಟ ಕವರಿನಲ್ಲೇ ಇದೆ, ಬಿಚ್ಚಿಯೂ ಇಲ್ಲ, ಈಗಲೇ ತೆಗೆದುಕೊಂಡು ಹೋಗಿ ಕಟ್ಟು ಎಂದಳು. ವರ್ಡೆಲ್ ಆಗುವುದಿಲ್ಲ ಎಂದಳು. ಹಿಂದಿನ ಕಾರಿನವನು ಹಾರ್ನ್ ಹೊಡೆಯತೊಡಗಿದ.

“ಎರಡು ಸಲ ಕಟ್ತೀಯಾ ನನ್ನ ಸಾಲನ? ಏನ್ ಜಂಭನೇ ನಿಂದು?”

“ನಿನ್ನಿಂದ್ಲೇ ಕಲ್ತಿದ್ದು ಅಕ್ಕ. ಹಸಿರು ಬಂತು, ಹೊರಡು.”

ಆಮೇಲೆ ಮಾತು ನಿಂತುಹೋಯಿತು. ಗುರುವಾರ ಸಂಜೆ ಒಜೆಲಾ ಬರಲಿಲ್ಲ. ಇದು ಸಣ್ಣ ವಿಷಯವಲ್ಲ. ಗಿರಾಕಿಗಳಿಗೆ ಮುಂದಿನ ಕೋಣೆ, ಮನೆಯವರಿಗೆ ಅಡುಗೆಮನೆ ಎಂಬುದು ಮೊದಲಿನಿಂದಲೂ ಬಂದ ವಾಡಿಕೆ. ಪ್ರತಿ ಗುರುವಾರ ಒಜೆಲಾ ಹಿಂಬಾಗಿಲಿನಿಂದ ಬಂದು, ಪಾತ್ರೆ ತೊಳೆಯುವ ಸಿಂಕಿಗೆ ತಲೆ ಬಗ್ಗಿಸಿ, ಒಲೆಯ ಮೇಲೆ ಕಾಯಿಸಿದ ಬಾಚಣಿಗೆಯಲ್ಲಿ ಕೂದಲು ಮಾಡಿಸಿಕೊಂಡು, ಉಳಿದ ಪೀಚ್ ಹಣ್ಣಿನ ಸಿಹಿ ಪೈ ಕಟ್ಟಿಸಿಕೊಂಡು ಹೋಗುತ್ತಿದ್ದಳು. ಒಂದು ಡಾಲರೂ ಕೊಟ್ಟವಳಲ್ಲ, ಕೊಟ್ಟರೆ ವರ್ಡೆಲ್ ಅದನ್ನು ಬೈಗುಳ ಎಂದೇ ತಿಳಿಯುತ್ತಿದ್ದಳು. ಇನ್ನೊಂದು ಗುರುವಾರವೂ ಕಳೆಯಿತು. ಮೊದಲ ಕಂತು ಕಟ್ಟಿದ್ದಾಯಿತು. ಕಟ್ಟಿ ಉಳಿದದ್ದನ್ನು ನೋಡಿ ವರ್ಡೆಲ್ ಕಾಫಿಗೆ ಸಕ್ಕರೆ ಕಡಿಮೆ ಮಾಡಿದಳು. ಅಕ್ಕ ಬಾರದ ಅಡುಗೆಮನೆಯಲ್ಲಿ ಕೂತು ಆ ಕಾಫಿ ಕುಡಿಯುವುದು ಸಂಕಟವಾಗುತ್ತಿತ್ತು.

ಶನಿವಾರ ಬೆಳಿಗ್ಗೆ, ಪಾರ್ಲರು ಕಿಕ್ಕಿರಿದಿದ್ದಾಗ, ಮುಂಬಾಗಿಲ ಗಂಟೆ ಸದ್ದಾಯಿತು. ಒಜೆಲಾ ಒಳಗೆ ಬಂದಳು. ಚರ್ಚಿಗೆ ಹೋಗುವ ನೇರಳೆ ಸೂಟು, ಅದಕ್ಕೊಪ್ಪುವ ಶೂ. ಯಾರ ಕಡೆಯೂ ನೋಡದೆ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು ಒಂದು ಪತ್ರಿಕೆ ತೆರೆದಳು. ವರ್ಡೆಲ್ ಅಡುಗೆಮನೆಯ ಕಡೆಗೆ ಕಣ್ಣು ತೋರಿಸಿದಳು. ಒಜೆಲಾ ಹಾಳೆ ತಿರುವಿದಳು. ತನ್ನ ಸರದಿ ಬಂದಾಗ ಎದ್ದು, ಕನ್ನಡಿಯ ಮುಂದಿನ ಕುರ್ಚಿಯಲ್ಲಿ ಕೂತು, ಗೋಡೆಯ ಮೇಲಿನ ದರಪಟ್ಟಿಯನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಎಲ್ಲಕ್ಕಿಂತ ದುಬಾರಿಯದ್ದನ್ನು ಮಾಡು ಎಂದಳು.

ವರ್ಡೆಲ್ ಮಾಡಿದಳು. ಒಜೆಲಾ ನೀರು ಬಿಸಿ ಎಂದಳು, ಟವೆಲ್ ಒರಟು ಎಂದಳು, ಕಿವಿಯ ಹತ್ತಿರ ಹುಷಾರು ಎಂದಳು. ಗಿರಾಕಿಗೆ ಇರುವ ಎಲ್ಲ ಹಕ್ಕನ್ನೂ ಚಲಾಯಿಸಿದಳು. ಎಲ್ಲ ಮುಗಿದ ಮೇಲೆ ಕನ್ನಡಿಯಲ್ಲಿ ಎಡಕ್ಕೂ ಬಲಕ್ಕೂ ತಿರುಗಿ ನೋಡಿಕೊಂಡು, ಕೈಚೀಲದಿಂದ ಆ ಕವರನ್ನೇ ತೆಗೆದಳು. ವರ್ಡೆಲ್ ಅಂಟಿಸಿ ಕೊಟ್ಟಿದ್ದ ಕವರು, ಈಗ ಒಂದು ಅಂಚು ಹರಿದಿತ್ತು. ಅದರಿಂದ ಲೆಕ್ಕದಷ್ಟು ನೋಟು ಎಣಿಸಿ, ಮೇಲೆ ಭಕ್ಷೀಸು ಸೇರಿಸಿ, ಬಾಚಣಿಗೆಗಳ ಪಕ್ಕದಲ್ಲಿಟ್ಟಳು. ಮಿಸೆಸ್ ಇಂಗ್ರಮ್ ಡ್ರೈಯರಿನ ಟೋಪಿಯನ್ನು ತಾನಾಗಿಯೇ ಮೇಲೆತ್ತಿಕೊಂಡಳು.

“ಅಕ್ಕ, ಇದು ಬೇಡ.”

“ಯಾರು ನಿನ್ನಕ್ಕ? ನಾನು ಗಿರಾಕಿ. ಈ ಕವರು ಖಾಲಿ ಆಗೋವರೆಗೂ ಪ್ರತಿ ಶನಿವಾರ ನನ್ನ ಹೆಸರು ಬರ್ಕೊ. ಅದು ಖಾಲಿಯಾದ್ಮೇಲೆ ನನ್ನ ಪಿಂಚಣಿ ಇದೆ.”

ವರ್ಡೆಲ್ ನೋಟುಗಳನ್ನು ಮುಟ್ಟಲಿಲ್ಲ. ಬಂದ ಆದಾಯವನ್ನೆಲ್ಲ ಕೋರ್ಟಿಗೆ ಲೆಕ್ಕ ಕೊಡಬೇಕು, ಇದನ್ನೂ ಕೊಡಬೇಕಾಗುತ್ತದೆ ಎಂದಳು.

“ಕೊಡು,” ಎಂದಳು ಒಜೆಲಾ, ಟೋಪಿ ಇಡದೆ, ಹೊಸ ಗುಂಗುರು ಊರಿಗೆಲ್ಲ ಕಾಣಲಿ ಎಂಬಂತೆ ತಲೆ ಎತ್ತಿಕೊಂಡು. “ನಮ್ಮಕ್ಕ ದುಡ್ಡು ಕೊಟ್ಟು ತಲೆ ಮಾಡಿಸ್ಕೊಂಡ್ಳು ಅಂತ ಪ್ರಮಾಣ ಮಾಡಿ ಹೇಳು. ಅಕ್ಕನೂ ದುಡ್ಡು ಕೊಟ್ಟು ಮಾಡಿಸ್ಕೊಳ್ಳೋ ಅಂಥ ಕೈಗುಣ ನನ್ನದು ಅಂತಾನೂ ಹೇಳು.”

ವರ್ಡೆಲ್ ನೋಟುಗಳನ್ನು ಎತ್ತಿ ಡ್ರಾಯರಿಗೆ ಹಾಕಿದಳು. ಉಳಿದವರಿಗೆ ಕೊಡುವ ಹಾಗೆಯೇ ಅಕ್ಕನಿಗೂ ರಸೀದಿ ಬರೆದು ಕೊಟ್ಟಳು. ಒಜೆಲಾ ಅದನ್ನು ಮಡಿಸಿ ಕೈಚೀಲದಲ್ಲಿಟ್ಟುಕೊಂಡು, ಲೂಷಿಯಸ್ ಬರೆದ ಬೋರ್ಡಿನ ಕೆಳಗೆ, ಮುಂಬಾಗಿಲಿನಿಂದಲೇ ಹೊರಗೆ ಹೋದಳು. ವರ್ಡೆಲ್ ಅಂಗಿಯ ತೋಳಿನಲ್ಲೇ ಕಣ್ಣೊರೆಸಿಕೊಂಡು, ಕುರ್ಚಿ ಒರೆಸಿ, ಮುಂದಿನವರು ಬನ್ನಿ ಎಂದಳು.